ಮಾಳಮ್ಮನ ಪಾಳಿ

ಅದಾಲತ್ತು ಊರಿಗೆ ಬರುವ ದಿನ ಅದರ ನೆಲ ಸಾರಿಸುವ ಪಾಳಿ ಮಾಳಮ್ಮನ ಮನೆಯದಾಗಿತ್ತು. ಅದೇ ಅದಾಲತ್ತಿನಲ್ಲಿ ಅದೇ ದಿನ ಮಾಳಮ್ಮನ ಅರ್ಜಿಯೂ ಇತ್ತು. ಊರ ದಣಿ ದೌಲತರಾಯನ ಕಾರಭಾರಿ ಹೊತ್ತು ಮೂಡುವ ಮೊದಲೇ ಕೇರಿಯ ಬಾಯಿಗೆ ಬಂದು ನಿಂತು ಕೂಗಿದ. ಒಳಗೆ ಬರಲಿಲ್ಲ. ಕೇರಿಯೊಳಗೆ ಅವನು ಎಂದೂ ಕಾಲಿಟ್ಟವನಲ್ಲ.

“ಮಾಳಿ, ಏಳ ಬೇ. ಮುನಸೀಫ ಸಾಹೇಬ್ರು ಬರಾಕತ್ತಾರ. ವಾಡೇದ ಅಂಗಳ ಸಾರಸಬೇಕು. ಈ ಸಲ ನಿಮ್ಮ ಮನಿ ಪಾಳಿ.”

“ಇವತ್ತ ನಂದ ಅರ್ಜಿ ಐತ್ರಿ.”

“ಐತಿ, ಯಾರ ಇಲ್ಲಂದ್ರು? ಅರ್ಜಿ ಹೊತ್ತೇರಿದ ಮ್ಯಾಲ. ಸಗಣಿ ಈಗ.”

ಮಾಳಮ್ಮ ಎದ್ದು ಹೋದಳು. ಹೋಗದೆ ಏನು ಮಾಡಿಯಾಳು? ದೌಲತರಾಯನ ದನದ ಕೊಟ್ಟಿಗೆಯಿಂದ ಬುಟ್ಟಿ ಬುಟ್ಟಿ ಸಗಣಿ ಹೊತ್ತಳು. ಬಾವಿಯ ನೀರು ಅವಳು ಮುಟ್ಟುವಂತಿಲ್ಲ. ಆಳೊಬ್ಬ ಸೇದಿ ದೂರದಿಂದ ಅವಳ ಕೊಡಕ್ಕೆ ಸುರಿದ. ಅರ್ಧ ನೀರು ಅವಳ ಕಾಲಮೇಲೆಯೇ ಬಿತ್ತು. ಅಂಗಳ ಸಣ್ಣದಲ್ಲ. ಮೊಣಕಾಲೂರಿ, ಅಂಗೈಯಿಂದ ಬಳಿಯುತ್ತಾ ಹಿಂದೆ ಹಿಂದೆ ಸರಿಯಬೇಕು. ಬೆನ್ನು ಸೆಟೆದು ನಿಂತಿತು. ಒಂದು ಉಗುರು ಕಲ್ಲಿಗೆ ಸಿಕ್ಕು ಕಿತ್ತು ಬಂತು. ಅವಳು ಬೆರಳನ್ನು ಸಗಣಿಗೇ ಒತ್ತಿ ಮುಂದಿನ ಬಳಿತ ಬಳಿದಳು.

ಅವಳು ದೊಡ್ಡ ಬಾಗಿಲಿನಾಚೆ ಹೋದ ಕೂಡಲೆ ಮನೆಯ ಹೆಂಗಸೊಬ್ಬಳು ಬಂದು ಗೋಮೂತ್ರ ಚಿಮುಕಿಸಿದಳು. ನೆಲ ಹಸಿ ಇರುವತನಕ ಮಾಳಮ್ಮನ ಕೈ ನಡೆಯುತ್ತದೆ. ಒಣಗಿದ ಮೇಲೆ ಅವಳ ಕಾಲು ನಡೆಯುವುದಿಲ್ಲ. ಇದನ್ನು ಯಾವ ಶಾಸ್ತ್ರದಲ್ಲಿ ಯಾರು ಹೇಳಿದ್ದಾರೋ ತೆಲ್ಲಾಳದಲ್ಲಿ ಒಬ್ಬರಿಗೂ ಗೊತ್ತಿಲ್ಲ. ಆದರೆ ಪಾಲಿಸದವರು ಒಬ್ಬರೂ ಇಲ್ಲ.

ತೆಲ್ಲಾಳ ಭೀಮೆಯ ದಂಡೆಯ ಊರು. ಅಫಜಲಪುರದ ಸೀಮೆಗೆ ಸೇರಿದ್ದು. ನಿಜಾಮರ ರಾಜ್ಯ, ಅದರೊಳಗೊಂದು ಜಾಗೀರು, ಆ ಜಾಗೀರಿಗೊಬ್ಬ ಮುನಸೀಫ. ಅವನು ವರ್ಷಕ್ಕೊಮ್ಮೆ ಊರೂರಿಗೆ ಬಂದು ನ್ಯಾಯ ಹೇಳಿ ಹೋಗುತ್ತಿದ್ದ. ಕೂರಲು ಜಾಗ ಬೇಕಲ್ಲ. ತೆಲ್ಲಾಳದಲ್ಲಿ ದೌಲತರಾಯನ ವಾಡೆ ಬಿಟ್ಟರೆ ದೊಡ್ಡ ಜಾಗವಿಲ್ಲ. ಹಾಗಾಗಿ ಅಂಗಳದಲ್ಲಿ ಚಪ್ಪರ ಹಾಕಿ ಮೇಜು ಇಡುತ್ತಿದ್ದರು. ಅಲ್ಲೇ ಊಟ, ಅಲ್ಲೇ ನಿದ್ದೆ, ಅಲ್ಲೇ ನ್ಯಾಯ. ಮಾಳಮ್ಮನ ಅರ್ಜಿ ಇದ್ದದ್ದು ಆ ವಾಡೆಯ ಒಡೆಯನ ಮೇಲೆಯೇ.

ಅವಳ ಮಗ ದೇವೀಂದ್ರ ಹಗೇವಿನಲ್ಲಿ ಸತ್ತಿದ್ದ. ಹಗೇವು ಎಂದರೆ ಜೋಳ ತುಂಬಿಡುವ ನೆಲದೊಳಗಿನ ಗುಂಡಿ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಬಹುಕಾಲ ಮುಚ್ಚಿದ ಹಗೇವಿನ ಗಾಳಿ ವಿಷವಾಗಿರುತ್ತದೆ. ಬಾಯಿ ತೆಗೆದು ಹಾಗೆಯೇ ಬಿಡಬೇಕು, ಆಮೇಲೆ ದೀಪ ಇಳಿಸಿ ನೋಡಬೇಕು. ಇದು ಊರಿಗೆಲ್ಲ ಗೊತ್ತು. ಮೊದಲು ಇಳಿಯುವವನು ಕೇರಿಯವನೇ ಆಗಬೇಕು ಎನ್ನುವುದೂ ಎಲ್ಲರಿಗೂ ಗೊತ್ತು. ಅವನು ಬದುಕಿದರೆ ಉಳಿದವರು ಇಳಿಯುತ್ತಾರೆ.

ಅದು ಜರ್ಮನಿಯ ಎರಡನೆಯ ಲಡಾಯಿ ಶುರುವಾದ ವರ್ಷ. ಜೋಳದ ಧಾರಣೆ ಏರಿತ್ತು. ಜೇವರ್ಗಿಯ ವ್ಯಾಪಾರಿಯ ಬಂಡಿಗಳು ಬಂದು ನಿಂತಿದ್ದವು. ಹಗೇವಿನ ಬಾಯಿಯ ಮಣ್ಣು ತೆಗೆದದ್ದು ಮಾಳಮ್ಮ ಮತ್ತು ದೇವೀಂದ್ರ. ದೌಲತರಾಯ ಪಕ್ಕದಲ್ಲೇ ಹೊರಸಿನ ಮೇಲೆ ಕೂತು ಎಲೆ ಮೆಲ್ಲುತ್ತಿದ್ದ. ದೀಪ ಇಳಿಸಿದರು. ಆರಿತು.

“ಗಾಳಿಗಿ ಆರೇತಿ. ಇಳಿ ಲೇ,” ಎಂದ ದೌಲತರಾಯ.

ದೇವೀಂದ್ರ ತಾಯಿಯ ಮುಖ ನೋಡಿದ. ತಾಯಿ ದಣಿಯ ಮುಖ ನೋಡಿದಳು. ಅವನು ಇಳಿದ. ಒಂದು ಸಲ “ಯವ್ವಾ” ಎಂದ. ಆಮೇಲೆ ಸದ್ದಿಲ್ಲ.

ಮೇಲೆ ಹಗ್ಗವಿತ್ತು. ಆದರೆ ಅದು ಬುಟ್ಟಿಗೆ ಕಟ್ಟುವ ಹಗ್ಗ, ಮನುಷ್ಯನಿಗೆ ಕಟ್ಟುವುದಲ್ಲ. ಮೇಲೆ ಗಂಡಾಳುಗಳಿದ್ದರು. ಆದರೆ ಅವನನ್ನು ಎತ್ತಬೇಕಾದರೆ ತಬ್ಬಿಕೊಳ್ಳಬೇಕಾಗಿತ್ತು. ಒಬ್ಬರೂ ಅಲುಗಲಿಲ್ಲ. ಮಾಳಮ್ಮ ತಾನೇ ಇಳಿಯಲು ಹೋದಳು. ಕಾರಭಾರಿ ಬಡಿಗೆ ಅಡ್ಡ ಹಿಡಿದು ಅವಳನ್ನು ಹಿಂದಕ್ಕೆ ನೂಕಿದ. “ನೀನೂ ಸತ್ರ ಎರಡ ಹೆಣ ಆಗತಾವ,” ಎಂದ. ಅವಳು ಕೇರಿಗೆ ಓಡಿದಳು. ಗಂಡಸರೆಲ್ಲ ದೂರದ ಹೊಲಗಳಲ್ಲಿದ್ದರು. ಕರೆತರುವಷ್ಟರಲ್ಲಿ ಮಗ ತಣ್ಣಗಾಗಿದ್ದ. ಬಾಯಿಯ ತುಂಬ ಜೋಳದ ಧೂಳಿತ್ತು. ಅವಳು ಅದನ್ನು ಬೆರಳು ಹಾಕಿ ತೆಗೆದಳು.

ಪೊಲೀಸ ಜಮಾದಾರ ಬಂದ. ವಾಡೆಯಲ್ಲಿ ಉಂಡ. ಆಳನ್ನು ಇಳಿಸಿ ಕೊಂದರು ಎಂದರೆ ದೌಲತರಾಯನಿಗೆ ತೊಂದರೆ. ಹಾಗಾಗಿ ದೇವೀಂದ್ರ ರಾತ್ರಿ ಹೊತ್ತಿನಲ್ಲಿ ಕದಿಯಲು ಇಳಿದು ಸತ್ತ ಎಂದಾಯಿತು. ಜಮಾದಾರ ಹೊರಟು ಹೋದ. ಕಳ್ಳ ಎನ್ನುವ ಮಾತು ಮಾತ್ರ ಊರಲ್ಲೇ ಉಳಿಯಿತು. ಹೊಲದಿಂದ ಬರುವ ಕೇರಿಯ ಹೆಂಗಸರ ಉಡಿ ಬಿಚ್ಚಿಸಿ, ಸೆರಗು ಕೊಡವಿಸಿ ನೋಡತೊಡಗಿದರು. ಮಾಳಮ್ಮ ಹಾದುಹೋದರೆ ಕಟ್ಟೆಯ ಮೇಲಿನ ಮಂದಿ “ಕಳ್ಳನ ಅವ್ವ” ಎಂದರು.

ಸತ್ತ ಮಗನನ್ನು ಬದುಕಿಸಿ ಎಂದು ಅವಳು ಯಾರನ್ನೂ ಕೇಳಲಿಲ್ಲ. ಅಷ್ಟು ಹುಚ್ಚಿ ಅವಳಲ್ಲ. ಅವನು ಕಳ್ಳನಲ್ಲ ಎಂದು ಒಬ್ಬ ದೊಡ್ಡ ಮನುಷ್ಯ ಹತ್ತು ಮಂದಿಯ ಎದುರು ಹೇಳಬೇಕು. ಅವಳಿಗೆ ಬೇಕಾದದ್ದು ಅಷ್ಟೇ.

ಮೊದಮೊದಲು ಕೇರಿ ಅವಳೊಂದಿಗೆ ಅತ್ತಿತು. ಆಮೇಲೆ ದೌಲತರಾಯ ಕೇರಿಯವರನ್ನು ಕೆಲಸಕ್ಕೆ ಕರೆಯುವುದನ್ನು ನಿಲ್ಲಿಸಿದ. ಮಾಳಿ ಬಾಯಿ ಮುಚ್ಚಲಿ, ಆಮೇಲೆ ಬರ್ರಿ ಎಂದು ಹೇಳಿ ಕಳಿಸಿದ. ಹೊಟ್ಟೆಗೆ ಬಿದ್ದ ಏಟು ಕೇರಿಯ ಕಣ್ಣೀರನ್ನು ಒಣಗಿಸಿತು. ಪಕ್ಕದ ಗುಡಿಸಲಿನ ಬಾಳಮ್ಮ ಅವಳ ವಾರಿಗೆಯವಳು. ಇಬ್ಬರೂ ಒಂದೇ ವರ್ಷ ಮದುವೆಯಾಗಿ ಬಂದವರು. ಅವಳೇ ಒಂದು ದಿನ ಬಾಗಿಲಿಗೆ ಬಂದು ಹೇಳಿದಳು.

“ಹೋದಾಂವ ಬರಾಂಗಿಲ್ಲ ಮಾಳವ್ವ. ಇದ್ದವ್ರು ಉಣಬೇಕಲ್ಲ.”

“ನಾ ಏನ ಮಾಡ್ಲಿ ಬಾಳವ್ವ? ಕಳ್ಳ ಅಂತಾರ.”

“ಅನ್ಲಿ ಬಿಡು. ನಮಗ ಏನೇನೋ ಅಂತಾರ. ಎಲ್ಲಾಕೂ ಅಳಕೋತ ಕುಂತ್ರ ಹೆಂಗ?”

ಅಂದಿನಿಂದ ಬಾಳಮ್ಮ ಒಲೆಗೆ ಕೆಂಡ ಕೇಳಿದರೂ ಕೊಡಲಿಲ್ಲ. ಬೇರೆಯವರೂ ಕೊಡಲಿಲ್ಲ. ಮಾತೂ ನಿಂತಿತು. ದಿನಗಟ್ಟಲೆ ಮಾಳಮ್ಮ ಯಾರೊಂದಿಗೂ ಒಂದು ಮಾತಾಡದೆ ಇದ್ದಳು. ಒಬ್ಬಳೇ ಸೊಪ್ಪು ಕುದಿಸಿ, ಒಬ್ಬಳೇ ಉಂಡು, ಗೋಡೆಗೆ ಮುಖ ಮಾಡಿ ಮಲಗಿದಳು. ಗಾಣಗಾಪುರಕ್ಕೆ ವಕೀಲರು ಬರುತ್ತಾರೆಂದು ಕೇಳಿ ನಡೆದುಕೊಂಡು ಹೋದಳು. ವಕೀಲನೆದುರು ಬಾಯಿ ತೆರೆದಾಗ ಮೊದಲಿಗೆ ಸ್ವರವೇ ಹೊರಡಲಿಲ್ಲ.

ಆ ವಕೀಲನ ಹೆಸರು ಮಹಾಂತಪ್ಪ. ಕಲಬುರ್ಗಿಯವನು. ಯಾವುದೋ ಅಂಗಡಿಯ ವ್ಯಾಜ್ಯಕ್ಕೆ ಬಂದಿದ್ದ. ಖಾದಿ ಉಟ್ಟಿದ್ದ, ಹಣೆಗೆ ವಿಭೂತಿ ಹಚ್ಚಿದ್ದ, ಒಳ್ಳೆಯ ಮನುಷ್ಯನೇ. ಅವಳ ಕಥೆ ಕೇಳುತ್ತಾ ಅವನ ಕಣ್ಣು ತುಂಬಿದ್ದು ಸುಳ್ಳಲ್ಲ.

“ನಾವು ಬಸವಣ್ಣನವ್ರ ಮಂದಿ ಮಾಳವ್ವ. ನಮ್ಮಾಗ ಮ್ಯಾಲಿನವ್ರು ಕೆಳಗಿನವ್ರು ಅಂತಿಲ್ಲ. ನಾ ನಿನ್ನ ಕಡಿಂದ ನಿಂದರ್ತೇನಿ. ರೊಕ್ಕ ಬ್ಯಾಡ,” ಎಂದು ಅಲ್ಲೇ ಮೊಣಕಾಲ ಮೇಲೆ ಕಾಗದ ಇಟ್ಟು ಅರ್ಜಿ ಬರೆದ. ಬಾಯಾರಿದೆ ಎಂದಾಗ ತನ್ನ ತಂಬಿಗೆಯ ನೀರನ್ನೇ ಕೊಟ್ಟ. ಎತ್ತರದಿಂದ ಸುರಿದ, ಅವಳು ಬೊಗಸೆಯೊಡ್ಡಿ ಕುಡಿದಳು. ಅದನ್ನು ಆ ದಿನ ಅವಳು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ತನ್ನ ಮಾತು ಕೇಳಿದ ಮೊದಲ ಮನುಷ್ಯ ಎಂದು ಹಿಗ್ಗಿಕೊಂಡು ಊರಿಗೆ ಬಂದಳು.

ಈಗ ಆ ಮಹಾಂತಪ್ಪ ವಾಡೆಯೊಳಗಿದ್ದ. ಮಾಳಮ್ಮ ದೊಡ್ಡ ಬಾಗಿಲಿನ ಹೊರಗೆ ಬಿಸಿಲಿನಲ್ಲಿ ಕೂತಿದ್ದಳು. ಕೈಯಲ್ಲಿ ಸಗಣಿಯ ವಾಸನೆ ಹೋಗಿರಲಿಲ್ಲ. ಮುನಸೀಫ ಬಂದ, ಚಪ್ಪರದಡಿ ಕೂತ. ಯಾರದೋ ಬದುವಿನ ಜಗಳ, ಯಾರದೋ ಎಮ್ಮೆಯ ಜಗಳ ಮುಗಿದವು. ಮಧ್ಯಾಹ್ನ ಊಟಕ್ಕೆಂದು ಎದ್ದರು. ತುಪ್ಪದ ವಾಸನೆ, ಹುರಿದ ಹಪ್ಪಳದ ವಾಸನೆ ಬಾಗಿಲು ದಾಟಿ ಬಂತು. ಅವಳು ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ.

ಮಹಾಂತಪ್ಪ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದ.

“ಮಾಳವ್ವ, ಛಲೋ ಸುದ್ದಿ ಅದ. ರಾಯರು ರಾಜಿಗಿ ಒಪ್ಯಾರ.”

“ಏನಂತ ಒಪ್ಯಾರ್ರಿ?”

“ನಿನ್ನ ಮಗ ಕದಿಯಾಕ ಅಲ್ಲ, ಹಸಿವಿಗಿ ಇಳದ ಅಂತ ನೀ ಹೇಳು. ಅಷ್ಟ ಸಾಕು. ಸಾಹೇಬ್ರು ಮಾಫ ಮಾಡತಾರ. ರಾಯರು ನಿನಗ ಜ್ವಾಳ ಕೊಡತಾರ. ಕೇರಿ ಮಂದೀನ ಮತ್ತ ಕೆಲಸಕ್ಕ ಕರೀತಾರ.”

“ಅಂವ ಹಸದಿದ್ದಿಲ್ರಿ. ನಾನ ರೊಟ್ಟಿ ಕೊಟ್ಟಿದ್ದೆ.”

“ಅದು ನನಗ ಗೊತ್ತದ.”

“ಹಗಲಾಗ ಇಳಿಸ್ಯಾರ್ರಿ. ರಾಯರ ಇಳಿ ಅಂದಾರ. ನೀವ ಬರೆದಿದ್ರಲ್ರಿ, ಗಾಣಗಾಪುರದಾಗ.”

“ಬರೆದಿದ್ದೆ. ಬರಿಯೂದು ಬ್ಯಾರೆ, ಇಲ್ಲಿ ನಿಂತು ಗೆಲ್ಲೂದು ಬ್ಯಾರೆ. ನಿನ್ನ ಕಡಿಂದ ಗವಾಹಿ ಯಾರ ಅದಾರ? ಕೇರಿಯಾಗ ಒಬ್ಬರ ಬಂದು ಹೇಳತಾರೇನು?”

ಮಾಳಮ್ಮ ಕೇರಿಯ ಕಡೆ ನೋಡಿದಳು. ಬೇವಿನ ಗಿಡದ ನೆರಳಿನಲ್ಲಿ ನಾಲ್ಕಾರು ಮಂದಿ ನಿಂತಿದ್ದರು. ಬಾಳಮ್ಮನೂ ಇದ್ದಳು. ಅವಳು ನೋಡಿದ ಕೂಡಲೆ ಎಲ್ಲರೂ ಬೇರೆ ಕಡೆ ನೋಡಿದರು. ವಕೀಲ ಹೇಳಿದ ಆ ಒಂದು ಮಾತು ಮಾತ್ರ ನಿಜವಾಗಿತ್ತು. ಅದಕ್ಕೇ ಅವಳ ಎದೆಗೆ ಚುಚ್ಚಿತು.

“ನೀವು ಒಳಗ ರಾಯರ ಜೋಡಿ ಉಂಡ್ರೇನ್ರಿ?”

“ಉಂಡೆ. ಊಟಕ್ಕೂ ಇದಕ್ಕೂ ಏನ ಸಂಬಂಧ?”

“ಏನಿಲ್ರಿ. ಸುಮ್ನ ಕೇಳ್ದೆ.”

ಮಹಾಂತಪ್ಪನ ಮುಖ ಸಣ್ಣದಾಯಿತು. “ನಿನ್ನ ಛಲೋದಕ್ಕ ಹೇಳಾಕತ್ತೇನಿ,” ಎಂದು ಒಳಗೆ ಹೋದ.

ಅವಳ ಹೆಸರು ಕೂಗಿದರು. ಮಾಳಮ್ಮ ದೊಡ್ಡ ಬಾಗಿಲಿನ ಹೊಸ್ತಿಲಿಗೆ ಬಂದಳು. ಚಪರಾಸಿ ಕೋಲು ಅಡ್ಡ ಹಿಡಿದ. ಅಲ್ಲೇ ನಿಂತು ಹೇಳಬೇಕು. ಮುನಸೀಫನ ಮೇಜು ಅಂಗಳದ ಆ ತುದಿಗಿತ್ತು. ಅವಳ ಮಾತು ಅಲ್ಲಿಗೆ ಮುಟ್ಟುವುದಿಲ್ಲ, ಮುಟ್ಟಿದರೂ ಅವನಿಗೆ ಕನ್ನಡ ಬರುವುದಿಲ್ಲ. ಚಪರಾಸಿ ನಡುವೆ ನಿಂತು ಅವಳ ಕನ್ನಡವನ್ನು ಉರ್ದು ಮಾಡಿ ಕೂಗುತ್ತಾನೆ. ಕೇರಿಯವರ ಬಯಾನು, ಅಂದರೆ ಹೇಳಿಕೆ, ಯಾವಾಗಲೂ ಹೀಗೆಯೇ ನಡೆಯುತ್ತಿತ್ತು. ಮುನಸೀಫ ಜಹೀರುದ್ದೀನ ಸಾಹೇಬನಿಗೆ ವಯಸ್ಸಾಗಿತ್ತು. ಪ್ರಯಾಣದಿಂದ ದಣಿದಿದ್ದ. ತಲೆಯೆತ್ತಿ ಅವಳನ್ನು ನೋಡಲಿಲ್ಲ.

ಮಾಳಮ್ಮ ಹೇಳಿದಳು. ಮಣ್ಣು ತೆಗೆದದ್ದು, ದೀಪ ಆರಿದ್ದು, ರಾಯರು ಇಳಿ ಎಂದದ್ದು, ಮಗ ತನ್ನ ಮುಖ ನೋಡಿದ್ದು, ಬಡಿಗೆ ಅಡ್ಡ ಹಿಡಿದದ್ದು. ಎಷ್ಟೋ ದಿನ ಒಳಗೇ ಕೊಳೆಯುತ್ತಿದ್ದ ಮಾತು.

ಚಪರಾಸಿ ಮುನಸೀಫನ ಕಡೆ ತಿರುಗಿದ. “ಹುಜೂರ್, ಬುಡ್ಡೀ ಕೈತೀ, ಬೇಟಾ ಭೂಕಾ ಥಾ. ಅನಾಜ್ ಕೋ ಉತರಾ, ಮರ್ ಗಯಾ.”

ಮಾಳಮ್ಮನ ಕೇರಿಯ ಬೆನ್ನಿಗೇ ಸಾಬರ ಓಣಿ. ಮದುವೆಯಾಗಿ ಬಂದಾಗಿನಿಂದ ಆ ಮಾತು ಅವಳ ಕಿವಿಗೆ ಬಿದ್ದದ್ದೇ. ಹಸಿದಿದ್ದ, ಕಾಳಿಗೆ ಇಳಿದ, ಸತ್ತ. ಅಷ್ಟು ಹೇಳಿದ್ದಕ್ಕೆ ಇಷ್ಟೇ. ಊಟದ ಹೊತ್ತಿಗೆ ವಾಡೆಯೊಳಗೆ ಎಲ್ಲ ಮುಗಿದಿತ್ತು. ಅವಳು ಬಾಯಿ ಬಿಡದಿದ್ದರೂ ಬಯಾನು ಇದೇ ಆಗುತ್ತಿತ್ತು.

“ನಾ ಹಂಗ ಹೇಳಿಲ್ರಿ,” ಎಂದಳು. ಯಾರೂ ಕೇಳಲಿಲ್ಲ. ಮುನಸೀಫನ ಲೇಖನಿ ಓಡುತ್ತಿತ್ತು.

ಅವಳು ಹೊಸ್ತಿಲು ದಾಟಿದಳು.

ಚಪ್ಪರದಡಿ ಒಮ್ಮೆಲೇ ಗದ್ದಲವೆದ್ದಿತು. ಕೂತವರು ಎದ್ದರು, ಎದ್ದವರು ಸರಿದರು. ಅವಳನ್ನು ತಡೆಯಬೇಕಾದರೆ ಮುಟ್ಟಬೇಕು. ಮುಟ್ಟಲು ಯಾರಿಗೂ ಧೈರ್ಯವಿಲ್ಲ. ಪಂಚೆ ಎತ್ತಿಕೊಂಡು, ಸೆರಗು ಬಿಗಿದುಕೊಂಡು ಆ ಕಡೆ ಈ ಕಡೆ ಸರಿದು ಅವರೇ ಅವಳಿಗೆ ದಾರಿ ಮಾಡಿಕೊಟ್ಟರು. ಬೆಳಿಗ್ಗೆ ಮೊಣಕಾಲೂರಿ ಬಳಿದ ನೆಲದ ಮೇಲೆ ಮಾಳಮ್ಮ ನೆಟ್ಟಗೆ ನಡೆದು ಹೋಗಿ ಮೇಜಿನ ಮುಂದೆ ನಿಂತಳು.

“ಸಾಬ್, ಮೇರಾ ಬಚ್ಚಾ ಚೋರ್ ನೈ,” ಎಂದಳು. “ದಿನ್ ಕೋ ಉತಾರೇ. ಯೇ ಲೋಗಾಂಚ್ ಉತಾರೇ. ಮೈ ಖಡೀ ಥೀ.” ಹಗಲಿನಲ್ಲಿ ಇಳಿಸಿದರು, ಇವರೇ ಇಳಿಸಿದರು, ನಾನು ಅಲ್ಲೇ ನಿಂತಿದ್ದೆ. ಅವಳಿಗೆ ಬರುವ ಉರ್ದು ಅಷ್ಟೇ. ಆದರೆ ಅದು ಸಾಕಾಗಿತ್ತು.

ಮುನಸೀಫ ತಲೆಯೆತ್ತಿದ. ಅವನಿಗೆ ಪೂರ್ತಿ ಅರ್ಥವಾಯಿತು ಎನ್ನುವುದು ಅವಳಿಗೆ ಕಂಡಿತು. ಅವನು ದೌಲತರಾಯನನ್ನು ನೋಡಿದ. ದೌಲತರಾಯ ಮೀಸೆಯ ಮೇಲೆ ಕೈ ಇಟ್ಟು ಕೂತಿದ್ದ. ಮುನಸೀಫ ಮಹಾಂತಪ್ಪನನ್ನು ನೋಡಿದ. “ವಕೀಲ್ ಸಾಬ್?” ಎಂದ.

ಮಹಾಂತಪ್ಪ ಎದ್ದು ನಿಂತ. ಮಾಳಮ್ಮ ಅವನ ಮುಖವನ್ನೇ ನೋಡುತ್ತಿದ್ದಳು. ಗಾಣಗಾಪುರದಲ್ಲಿ ಕಣ್ಣು ತುಂಬಿಕೊಂಡಿದ್ದ ಮುಖ ಅದು. ಆಮೇಲೆ ಅವನು ನೆಲ ನೋಡುತ್ತಾ ಉರ್ದುವಿನಲ್ಲಿ ನಯವಾಗಿ ಏನೋ ಹೇಳಿದ. ಮಗ ಸತ್ತ ದುಃಖಕ್ಕೆ ತಲೆ ಕೆಟ್ಟಿದೆ ಹುಜೂರ್, ಮಾಫ್ ಮಾಡಬೇಕು. ಅಷ್ಟು ಅವಳಿಗೆ ತಿಳಿಯಿತು.

ಮುನಸೀಫ ಲೇಖನಿಯನ್ನು ಮಸಿಯಲ್ಲಿ ಅದ್ದಿದ. ಅಂದು ಅವನು ಮಲಗಬೇಕಾದದ್ದು ಆ ವಾಡೆಯಲ್ಲೇ. ಮುಂದಿನ ವರ್ಷ ಇಳಿಯಬೇಕಾದದ್ದೂ ಅಲ್ಲೇ. “ಖಾರಿಜ್,” ಎಂದ. ಅರ್ಜಿ ವಜಾ ಎನ್ನುವ ಆ ಒಂದು ಶಬ್ದ ಆ ಸೀಮೆಯ ಬಡವರಿಗೆಲ್ಲ ಗೊತ್ತು.

ಮಾಳಮ್ಮ ತಾನು ಬಂದ ದಾರಿಯಲ್ಲೇ ಹೊರಗೆ ಬಂದಳು. ಹಿಂದಿನಿಂದ ಕಾರಭಾರಿ ಕೂಗಿದ.

“ನೆಲ ಮೈಲಿಗಿ ಮಾಡಿ ಎಲ್ಲಿಗ ಹೊಂಟಿ? ಮತ್ತ ಸಾರಿಸಿ ಹೋಗು.”

ಮೈಲಿಗೆ ಮಾಡಿದವಳೂ ಅವಳೇ, ಅದನ್ನು ತೆಗೆಯಬೇಕಾದವಳೂ ಅವಳೇ. ಅವಳು ತಿರುಗಿ ನೋಡಲಿಲ್ಲ. ಕಾರಭಾರಿ ಬಾಳಮ್ಮನನ್ನು ಕರೆದ. ಬಾಳಮ್ಮ ಬುಟ್ಟಿ ಎತ್ತಿಕೊಂಡು ಬಂದಳು. ಇಬ್ಬರೂ ಬಾಗಿಲಲ್ಲಿ ಎದುರಾದರು. ಬಾಳಮ್ಮ ತಲೆ ತಗ್ಗಿಸಿ ಗೋಡೆಗೆ ಒತ್ತಿಕೊಂಡು ಒಳಗೆ ಹೋದಳು. ತನ್ನವಳೇ ತನ್ನನ್ನು ಮುಟ್ಟದಂತೆ ಸರಿದದ್ದು ಮಾಳಮ್ಮನಿಗೆ ಅಂದಿನ ಎಲ್ಲಕ್ಕಿಂತ ಹೆಚ್ಚು ಸುಟ್ಟಿತು. ಗುಡಿಸಲಿಗೆ ಹೋಗಿ ಕೂತಳು. ಒಲೆ ಹಚ್ಚಲಿಲ್ಲ. ಅಳುವೂ ಬರಲಿಲ್ಲ. ಇಷ್ಟು ದೊಡ್ಡ ಊರಿನಲ್ಲಿ ತಾನು ಒಬ್ಬಳೇ ಎನ್ನುವುದು ಆ ದಿನ ಅವಳಿಗೆ ಖಾತ್ರಿಯಾಯಿತು.

ಮರುದಿನ ಮುಂಜಾನೆ ಮತ್ತೆ ಕೂಗು ಬಂತು. ಸಾಹೇಬರು ಹೊರಟಿದ್ದಾರೆ. ಸಾಹೇಬರ ಸಾಮಾನನ್ನು ಮುಂದಿನ ಊರಿನ ಎಲ್ಲೆಯತನಕ ಕೇರಿಯವರು ಬಿಟ್ಟಿ ಹೊರಬೇಕು. ಸಾರಿಸಿದ ಮನೆಯದೇ ಹೊರುವ ಪಾಳಿ. ಪಾಳಿ ಬಂದಾಗಲೆಲ್ಲ ದೇವೀಂದ್ರ ಹೊರುತ್ತಿದ್ದ. ಈಗ ಆ ಮನೆಯಲ್ಲಿ ತಲೆ ಎಂದರೆ ಮಾಳಮ್ಮನದೊಂದೇ.

ವಾಡೆಯ ಹೊರಗೆ ಟಾಂಗಾ ಸಿದ್ಧವಾಗಿತ್ತು. ಮುನಸೀಫ ಹತ್ತಿ ಕೂತಿದ್ದ, ಅದರಲ್ಲಿ ಇನ್ನು ಜಾಗವಿರಲಿಲ್ಲ. ನೆಲದ ಮೇಲೆ ಒಂದು ತಗಡಿನ ಪೆಟ್ಟಿಗೆ ಇತ್ತು. ಚಪರಾಸಿ ಅದರ ಬೀಗ ಜಗ್ಗಿ ನೋಡುತ್ತಿದ್ದ.

“ಇದರಾಗ ಏನೈತ್ರಿ?” ಎಂದಳು ಮಾಳಮ್ಮ.

“ಕಾಗದ ಪತ್ರ. ನಿನ್ನಿ ಫೈಸಲಾ ಎಲ್ಲಾ.”

“ನನ್ನ ಮಗಂದೂ?”

“ಎಲ್ಲಾರ್ದೂ. ಹೊರು, ಹೊತ್ತಾತು.”

ಮಾಳಮ್ಮ ತಲೆಯ ಮೇಲಿನ ಸಿಂಬಿ ತೆಗೆದಳು. ಅದರ ಸುತ್ತು ಬಿಚ್ಚಿದಳು. ಆ ಅರಿವೆಯಿಂದ ಮುಖ ಒರೆಸಿಕೊಂಡಳು.

“ಹೊರಂಗಿಲ್ರಿ,” ಎಂದಳು.

ಕಾರಭಾರಿಯ ಬಡಿಗೆ ಅವಳ ಭುಜದ ಮೇಲೆ ಬಿತ್ತು. ಎರಡನೆಯದು ಬೆನ್ನಿಗೆ ಬಿತ್ತು. ಅವಳು ಮೊಣಕಾಲೂರಿದಳು. ಮತ್ತೆ ಎದ್ದು ನಿಂತಳು. ಪೆಟ್ಟಿಗೆ ಇದ್ದಲ್ಲೇ ಇತ್ತು. ಮುನಸೀಫ ಟಾಂಗಾದಿಂದ ಕತ್ತು ಹೊರಳಿಸಿ ನೋಡಿದ. ಕಾರಭಾರಿ ಬೆವರತೊಡಗಿದ. ಬೇವಿನ ಗಿಡದ ಕೆಳಗೆ ಕೇರಿಯ ಮಂದಿ ನಿಂತಿತ್ತು. ಅವನು ಅವರ ಕಡೆ ತಿರುಗಿದ.

“ಏ ಬಾಳಿ, ನಿನ್ನ ಗಂಡಗ ಹೇಳು. ಬಂದು ಎತ್ತಲಿ.”

ಬಾಳಮ್ಮ ಮಾಳಮ್ಮನ ಕಡೆ ನೋಡಲಿಲ್ಲ. ನೆಲ ನೋಡುತ್ತಲೇ ಹೇಳಿದಳು.

“ನಮ್ಮ ಪಾಳಿ ಅಲ್ರಿ.”

ಕಾರಭಾರಿ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದ. ಯಾರೂ ನೆರಳು ಬಿಟ್ಟು ಬರಲಿಲ್ಲ. ಹೆದರಿಕೆಗೋ, ನಾಚಿಕೆಗೋ, ಅದು ಅವರಿಗೇ ಗೊತ್ತು. ಕೇರಿಯವರು ಹೊರುವ ಹೊರೆಯನ್ನು ಊರವರು ಮುಟ್ಟುವಂತಿರಲಿಲ್ಲ. ಟಾಂಗಾದ ಕುದುರೆ ಕಾಲು ಬಡಿಯಿತು.

“ಹಂಗಾದ್ರ ಇದನ್ನ ಯಾರ ಹೊರಬೇಕ ಬೇ?” ಎಂದು ಕಾರಭಾರಿ ಒದರಿದ.

ಮಾಳಮ್ಮ ಅರಿವೆಯನ್ನು ಹೆಗಲಿಗೆ ಹಾಕಿಕೊಂಡಳು.

“ಬರೆದವ್ರು ಹೊರ್ಲಿ,” ಎಂದಳು.